ದೋಣಿಗೆ ಮೆರುಗು ಬಂದ ವರ್ಷ

ಮೊನ್ನೆ ಅಂಗಡಿಗೆ ಬಂದವರೊಬ್ಬರು ನೀರಿನ ಟ್ಯಾಂಕಿನ ಬಿರುಕಿಗೆ ಹಚ್ಚಲು ಫೈಬರ್ ರೆಸಿನ್ ಕೇಳಿದರು. ಡಬ್ಬದ ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ, ಕೌಂಟರಿನ ಮೇಲೆ ಇಡುತ್ತಿದ್ದಂತೆ ಆ ವಾಸನೆ ಮೂಗಿಗೆ ಹೊಡೆಯಿತು. ಮೂಗಿನಿಂದ ನೇರ ಹಣೆಗೆ ಏರಿ ಅಲ್ಲೇ ಕೂತುಬಿಡುವ ವಾಸನೆ ಅದು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಅದರ ಬೆನ್ನಿಗೇ ಒದ್ದೆ ರಾಗಿ ಹುಲ್ಲಿನ ವಾಸನೆ ಬಂತು, ಕೆರೆ ಏರಿಯ ಹೊಂಗೆ ಮರ ಕಂಡಿತು, ಅದರ ಕೆಳಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಿಂತಿದ್ದ ನನ್ನ ನಾದಿನಿ ಗೌರಿ ಕಂಡಳು. "ಅಕ್ಕಾ, ಅದಕ್ಕೆ ಬೆರೆಸೋ ಹಾರ್ಡ್ನರ್ ಕೊಡ್ಲಿಲ್ಲ" ಎಂದು ಗಿರಾಕಿ ಎರಡು ಸಲ ಕೂಗಿದ ಮೇಲೆ ನಾನು ಮತ್ತೆ ಅಂಗಡಿಗೆ ಬಂದೆ.

ಚಿಕ್ಕಬಳ್ಳಾಪುರದ ಬಜಾರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಡ್ರಿಲ್ಲು, ಕಟ್ಟರು, ಗ್ರೈಂಡರು, ಪಾಲಿಷ್ ಮಿಷನ್ನು ಇವನ್ನೆಲ್ಲ ಬಾಡಿಗೆಗೂ ಕೊಡುತ್ತೇನೆ. ಬಂದವರು "ಒಂದು ದೊಡ್ಡ ಮಿಷನ್ ಕೊಡಿ" ಅನ್ನುತ್ತಾರೆ. ನಾನು "ಏನ್ ಕೆಲಸಕ್ಕೆ?" ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಹೆಚ್ಚು ಸದ್ದು ಮಾಡುವುದೇ ಒಳ್ಳೆಯ ಮಿಷನ್ನೆಂದು ನಂಬಿದ ಗಂಡಸರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ನನ್ನ ಗಂಡ ನಾರಾಯಣಸ್ವಾಮಿಯೂ ಒಬ್ಬರು. ಅವರದು ಗ್ರಾನೈಟ್ ಪಾಲಿಷ್ ಕೆಲಸ. ಗೌರಿಬಿದನೂರು ರಸ್ತೆಯ ಕಲ್ಲಿನ ಯಾರ್ಡಿನಲ್ಲಿ ಅವರು ಉಜ್ಜಿದ ಚಪ್ಪಡಿಯಲ್ಲಿ ಮುಖ ನೋಡಿಕೊಂಡು ಬೊಟ್ಟು ಇಟ್ಟುಕೊಳ್ಳಬಹುದು, ಅದನ್ನು ಇಲ್ಲ ಅನ್ನಲಾರೆ. ಆದರೆ ಕಲ್ಲಿನ ಜೊತೆ ಬಾಳಿದ ಕೈ ಎಲ್ಲವನ್ನೂ ಕಲ್ಲೆಂದೇ ತಿಳಿಯುತ್ತದೆ.

ಆ ವರ್ಷ ಮಳೆ ಬಿಡಲಿಲ್ಲ. ದಸರಾ ಕಳೆದರೂ ಬಿಡಲಿಲ್ಲ, ದೀಪಾವಳಿಗೂ ಬಿಡಲಿಲ್ಲ. ಸ್ಕಂದಗಿರಿಯ ತಲೆ ವಾರಗಟ್ಟಲೆ ಮೋಡದೊಳಗೇ ಇತ್ತು. ಗೌರಿಯ ಗಂಡನ ಊರು ಆ ಬೆಟ್ಟದ ಹಿಂಬದಿಗಿದೆ. ಅಲ್ಲಿಯ ಕೆರೆ ಕೋಡಿ ಬಿದ್ದಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ, ಅಲ್ಲಿ ಮಕ್ಕಳು ಕ್ರಿಕೆಟ್ ಆಡುವುದನ್ನೇ ನೋಡಿದ್ದೆ. ಅಂಥ ಕೆರೆ ಒಂದು ಬೆಳಿಗ್ಗೆ ತುಂಬಿ ಕೋಡಿಯ ಮೇಲೆ ಹರಿಯಿತು. ಊರಿನ ಹೆಂಗಸರೆಲ್ಲ ತಂಬಿಟ್ಟಿನ ದೀಪ ಹೊತ್ತು ಏರಿಯ ಮೇಲೆ ಹೋಗಿ ಗಂಗಮ್ಮನಿಗೆ ಪೂಜೆ ಮಾಡಿದರು. ಪೂಜೆ ಮುಗಿಸಿ ಬಂದ ಸಂಜೆಯೇ ಗೌರಿ ನನಗೆ ಫೋನ್ ಮಾಡಿದಳು.

"ಅತ್ತಿಗೆ, ಕೆರೇಲಿ ದೋಣಿ ಬಿಡಣ ಅಂತಿದೀವಿ, ನಮ್ಮ ಹೆಂಗಸರ ಸಂಘದೋರು. ಪಂಚಾಯ್ತೀಲಿ ಕೇಳಿದ್ವಿ, ಒಂದು ವರ್ಷಕ್ಕೆ ಕೊಟ್ಟು ನೋಡ್ತೀವಿ ಅಂದ್ರು."

"ನಿಂಗ್ಯಾಕೇ ದೋಣಿ ಉಸಾಬರಿ?"

"ಬಿಸಿನೀರಲ್ಲಿ ಬೆಂದಿದ್ದು ಸಾಕು ಅತ್ತಿಗೆ. ಇನ್ನ ತಣ್ಣೀರಲ್ಲಿ ಬದುಕ್ತೀನಿ."

ಅವಳು ಹೇಳಿದ ಬಿಸಿನೀರು ಯಾವುದೆಂದು ನನಗೆ ಗೊತ್ತಿತ್ತು. ಗೌರಿ ಮದುವೆಗೆ ಮುಂಚಿನಿಂದಲೂ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ, ಅದರೊಳಗೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಅವಳ ಬೆರಳಿನ ಸಂದಿಗಳು ಬಿಳಿಚಿ, ಬಿರಿದು, ಚರ್ಮ ಸುಲಿದುಹೋಗಿತ್ತು. ಊಟಕ್ಕೆ ಕೂತರೆ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಡಿಪೋದಲ್ಲಿ ರೇಷನ್ ತರಲು ಹೋದರೆ ಬೆರಳೊತ್ತುವ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ಒರೆಸಿ ಒತ್ತು, ಬೇರೆ ಬೆರಳು ಒತ್ತು, ಎಡಗೈ ಒತ್ತು ಎಂದು ಡಿಪೋದವನು ಹೇಳಿ ಹೇಳಿ ಸೋಲುತ್ತಿದ್ದ. ಬೆರಳಿನ ಗೆರೆಗಳೇ ಸವೆದು ಹೋಗಿದ್ದವು. ಹಿಂದೆ ಸಾಲಿನಲ್ಲಿ ನಿಂತವರ ಮುಂದೆ ಅವಳು ಅಕ್ಕಿ ಕದಿಯಲು ಬಂದವಳ ಹಾಗೆ ನಿಲ್ಲಬೇಕಾಗಿತ್ತು. ಚರ್ಮದ ಡಾಕ್ಟರು ಬಿಸಿನೀರು ಬಿಡಬೇಕೆಂದು ಹೇಳಿದ್ದರು. ಬಿಟ್ಟು ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ. ಈಗ ಆ ಪ್ರಶ್ನೆಗೆ ಕೆರೆಯೇ ಉತ್ತರ ಕೊಟ್ಟಂತಾಗಿತ್ತು. ಬೆಟ್ಟ ಹತ್ತಲು ಕತ್ತಲಲ್ಲೇ ಬರುವ ಹುಡುಗ ಹುಡುಗಿಯರು ಬೆಳಿಗ್ಗೆ ಹತ್ತಕ್ಕೆಲ್ಲ ಇಳಿದು ಬಂದು, ಮುಂದೇನು ಮಾಡುವುದೆಂದು ತೋಚದೆ ಟೀ ಅಂಗಡಿಯ ಮುಂದೆ ನಿಂತಿರುತ್ತಾರೆ. ಅವರನ್ನು ದೋಣಿಗೆ ಹತ್ತಿಸುವುದೇ ಗೌರಿಯ ಲೆಕ್ಕಾಚಾರ.

ದೋಣಿಯೂ ಸಿಕ್ಕಿತು. ನಂದಿ ಕಡೆಯ ಒಂದು ರೆಸಾರ್ಟಿನವರು ತಮ್ಮ ಕೊಳ ಮುಚ್ಚಿ ಪಾರ್ಕಿಂಗ್ ಮಾಡಿದ್ದರು. ಅವರ ಹಿತ್ತಲಿನಲ್ಲಿ ಹುಟ್ಟು ಹಾಕುವ ಒಂದು ಫೈಬರ್ ದೋಣಿ ವರ್ಷಗಳಿಂದ ಬಿಸಿಲಿನಲ್ಲಿ ಮಗುಚಿ ಬಿದ್ದಿತ್ತು, ಅದರಡಿಯಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ತೆಗೆದುಕೊಂಡು ಹೋಗಿ, ಜಾಗ ಖಾಲಿಯಾದರೆ ಸಾಕು ಅಂದರು. ಟ್ರ್ಯಾಕ್ಟರಿನಲ್ಲಿ ದೋಣಿ ಊರಿಗೆ ಬಂದ ದಿನ ನಾನೂ ಅಲ್ಲಿದ್ದೆ. ಇಳಿಸುವಾಗ ಗೌರಿಯ ಅತ್ತೆ ಮುನಿವೆಂಕಟಮ್ಮ ಜಗಲಿಯ ಮೇಲೆ ಕೂತು "ಮೆಲ್ಲಗಾ, ಮೆಲ್ಲಗಾ" ಎಂದು ತೆಲುಗಿನಲ್ಲಿ ಕೂಗುತ್ತಲೇ ಇದ್ದರು. ಆಮೇಲೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹೊಸ ಬೈಕು, ಹೊಸ ಟ್ರ್ಯಾಕ್ಟರು, ಹೊಸ ಮಿಕ್ಸಿ ಏನೇ ಬರಲಿ, ಮೊದಲು ಪೂಜೆ ಆಗಬೇಕು. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ದೋಣಿಗೆ ಚಕ್ರವೆಲ್ಲಿ ಎಂದು ಅರ್ಧ ಗಂಟೆ ಚರ್ಚೆಯಾಗಿ ಕೊನೆಗೆ ಟ್ರ್ಯಾಕ್ಟರಿನ ಚಕ್ರಕ್ಕೇ ಇಟ್ಟರು. ದೋಣಿಯ ಮೂತಿಗೆ ಅರಿಶಿನ ಬಳಿದರು, ಕುಂಕುಮ ಇಟ್ಟರು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಎರಡೂ ಪಕ್ಕಕ್ಕೆ ಒದ್ದೆ ಅರಿಶಿನದ ಕೈ ಸವರಿದರು. ಚೆನ್ನಾಗಿಯೇ ಕಾಣುತ್ತಿತ್ತು, ಮದುವಣಗಿತ್ತಿಯ ಹಾಗೆ.

ಹೊಸ ಗಾಡಿಯಾದರೆ ಒಂದು ಬಕೆಟ್ ನೀರಿಗೆ ಎಲ್ಲ ಹೋಗುತ್ತದೆ. ಈ ದೋಣಿಯ ಮೇಲಿನ ಮೆರುಗಿನ ಪದರ ಬಿಸಿಲಿಗೆ ಸುಣ್ಣದ ಗೋಡೆಯಂತಾಗಿತ್ತು, ಕೈಯಿಟ್ಟರೆ ಬಿಳಿ ಪುಡಿ ಅಂಟುತ್ತಿತ್ತು. ಅದು ಅರಿಶಿನ ಕುಂಕುಮವನ್ನು ಗಟಗಟನೆ ಕುಡಿದುಬಿಟ್ಟಿತು. ಮಾರನೆಯ ದಿನ ಸೋಪು ಹಾಕಿ ಉಜ್ಜಿದರು, ಹೋಗಲಿಲ್ಲ. ಸೀಗೆಪುಡಿ ಹಾಕಿದರು, ಇನ್ನಷ್ಟು ಹರಡಿತು. ಸರಿಯಾಗಿ ಅದೇ ಹೊತ್ತಿಗೆ ದೋಣಿ ನೋಡಲು ತಾಲ್ಲೂಕಿನಿಂದ ಇಂಜಿನಿಯರ್ ಬಂದರು.

"ಏನಮ್ಮಾ ಇದು, ದೋಣಿಗೆ ಕಾಮಾಲೆ ಬಂದಿದೆಯಾ?" ಎಂದರು. ಬೆರಳಿನಿಂದ ಗೀಚಿ ಪುಡಿ ನೋಡಿದರು. "ಗಟ್ಟಿ ಇದೆ, ತೂತಿಲ್ಲ, ಅದು ಸರಿ. ಆದ್ರೆ ಇದನ್ನ ನೋಡಿ ಯಾರಮ್ಮಾ ಹತ್ತುತ್ತಾರೆ? ಮುಂದಿನ ಸಲ ನಾನು ಬರೋಷ್ಟರಲ್ಲಿ ಸರಿ ಮಾಡ್ಸಿ. ಇಲ್ಲಾಂದ್ರೆ ಹೊರಗಿನ ಗುತ್ತಿಗೆದಾರರು ಸ್ವಂತ ದೋಣಿ ತರ್ತೀವಿ ಅಂತ ಕೇಳ್ತಿದಾರೆ. ಅವ್ರಿಗೇ ಕೊಡಬೇಕಾಗುತ್ತೆ."

ಗೌರಿ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ನಿಂತಿದ್ದಳು. ದೋಣಿ ಕೈತಪ್ಪಿದರೆ ಅವಳಿಗೆ ಉಳಿಯುವುದು ಶಿಡ್ಲಘಟ್ಟದ ಬಸ್ಸು, ಕುದಿಯುವ ತೊಟ್ಟಿ.

ಅವತ್ತು ಮನೆಗೆ ಬಂದು ವಿಷಯ ಹೇಳಿದೆ. ದೋಣಿಗೆ ಯಾವ ಮಿಷನ್ ಆಗುತ್ತದೆ ಎಂದು ವಿಚಾರಿಸಿ ಹೇಳುತ್ತೇನೆ, ಅಲ್ಲಿಯತನಕ ಯಾರೂ ಮುಟ್ಟಬೇಡಿ ಎಂದೂ ಹೇಳಿದೆ. ನನ್ನ ಗಂಡ ಅನ್ನ ಕಲಸುತ್ತಾ, "ವಿಚಾರ್ಸೋದೇನೇ ಅದ್ರಲ್ಲಿ? ಕಲ್ಲಿಗೇ ಕನ್ನಡಿ ಹೊಳಪು ತರ್ತೀನಿ ನಾನು. ಫೈಬರು ಯಾವ ಲೆಕ್ಕ?" ಎಂದರು. ತಂಗಿಯ ಮೇಲಿನ ಪ್ರೀತಿ ಅವರಿಗೆ ಅಷ್ಟಿಷ್ಟಲ್ಲ. ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ತಮ್ಮ ಗ್ರೈಂಡರನ್ನು ಬೈಕಿಗೆ ಕಟ್ಟಿಕೊಂಡು ಹೋಗಿದ್ದರು. ಗೊತ್ತಾದ ಮೇಲೆ ನಾನು ಅಂಗಡಿಗೆ ಬೀಗ ಹಾಕಿ, ಸಿಕ್ಕ ಆಟೋ ಹತ್ತಿ ಹಿಂದೆಯೇ ಓಡಿದೆ.

ಊರು ಮುಟ್ಟುವಷ್ಟರಲ್ಲಿ ವಾಸನೆ ಬಂತು. ಇದೇ ರೆಸಿನ್ನಿನ ವಾಸನೆ, ಆದರೆ ಸುಟ್ಟಿದ್ದು. ಕಲ್ಲಿನ ಗ್ರೈಂಡರ್ ತಿರುಗುವ ವೇಗವೇ ಬೇರೆ, ಅದರ ಮೇಲೆ ಮೈಭಾರ ಹಾಕುವುದು ಅವರ ಕೈಗೆ ಅಂಟಿಹೋದ ಅಭ್ಯಾಸ. ಕಲ್ಲು ಅದನ್ನು ತಡೆಯುತ್ತದೆ. ದೋಣಿಯ ಮೆರುಗಿನ ಪದರ ಎಷ್ಟು ದಪ್ಪವಿದ್ದೀತು? ನಿಂತ ಜಾಗದಲ್ಲೇ ಕಾದು, ಹಳದಿಯಾಗಿ, ಒಂದು ದೋಸೆಯ ಅಗಲಕ್ಕೆ ಎದ್ದುಹೋಗಿ, ಒಳಗಿನ ಗಾಜಿನ ನಾರು ಶಾವಿಗೆಯಂತೆ ಕಾಣುತ್ತಿತ್ತು. ನಾರಾಯಣಸ್ವಾಮಿ ಮಿಷನ್ ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಗೌರಿಯೇ ಅಡ್ಡ ಬಂದಳು.

"ಬಿಡಿ ಅತ್ತಿಗೆ. ಅಣ್ಣ ಬೇಕಂತ ಮಾಡಿದ್ನಾ?"

"ಬೇಕಂತ ಮಾಡಿದ್ರೆ ಬೈತಿರ್ಲಿಲ್ಲ ಕಣೇ, ಕೈ ಮುರೀತಿದ್ದೆ" ಎಂದೆ. ಅವಳು ನಕ್ಕಳು, ಆಮೇಲೆ ಅತ್ತಳು.

ಚಿಂತಾಮಣಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಸಾದಿಕಣ್ಣ ನಮ್ಮ ಅಂಗಡಿಯ ಹಳೆಯ ಗಿರಾಕಿ. ಫೋನ್ ಮಾಡಿದ್ದಕ್ಕೆ ಮಳೆಯಲ್ಲೇ ಸ್ಕೂಟರಿನಲ್ಲಿ ಬಂದರು. ಸುಟ್ಟ ಜಾಗ ನೋಡಿ, "ಅರೆ ಅಲ್ಲಾ, ಸ್ವಾಮಣ್ಣ ಇಲ್ಲಿ ದೋಸೆ ಹುಯ್ದವ್ರೆ" ಎಂದರು. ನನ್ನ ಗಂಡನ ಮುಖದಲ್ಲಿ ಆ ದಿನದ ಮೊದಲ ನಗು ಬಂದದ್ದು ಆಗಲೇ. ಹೊಸ ನಾರು, ರೆಸಿನ್ ಹಾಕಿ ತೇಪೆ ಹಚ್ಚಬಹುದು, ಮೇಲೆ ಮೆರುಗಿನ ಪದರವಾಗುವ ಬಿಳಿಯ ಜೆಲ್ ಕೋಟ್ ಬಳಿದರೆ ಗೊತ್ತಾಗುವುದಿಲ್ಲ ಎಂದು ಧೈರ್ಯ ಹೇಳಿದರು. ರೆಸಿನ್ ಡಬ್ಬ ತೆಗೆದರೋ ಇಲ್ಲವೋ, ಪಕ್ಕದ ಮನೆಯಿಂದ ಹೆಂಗಸೊಬ್ಬರು ಎದೆ ಬಡಿದುಕೊಂಡು ಓಡಿಬಂದರು. ಅವರ ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದವು. ರೇಷ್ಮೆ ಹುಳುವಿಗೆ ಊದುಬತ್ತಿಯ ವಾಸನೆಯೂ ಆಗಿಬರುವುದಿಲ್ಲ, ಇನ್ನು ಇದು ತಗಲಿದರೆ ಬೆಳೆಯೇ ಹೋದೀತು. ಅವರ ಮಾತು ಸರಿಯಾಗಿತ್ತು. ಹತ್ತು ಜನ ಸೇರಿ ದೋಣಿಯನ್ನು ಹೆಗಲ ಮೇಲೆ ಹೊತ್ತು ಏರಿಯ ಹೊಂಗೆ ಮರದ ಕೆಳಗೆ ಸಾಗಿಸಿದೆವು. ಹನಿ ಬೀಳದಿರಲೆಂದು ಮೇಲೆ ಟಾರ್ಪಾಲು ಕಟ್ಟಿದೆವು. ಹುಳು ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಂಕಿಗಳನ್ನು ಗಾಳಿಗೆ ಅಡ್ಡ ನಿಲ್ಲಿಸಿದೆವು. ಅವನ್ನು ಕೊಟ್ಟಿದ್ದು ಎದೆ ಬಡಿದುಕೊಂಡು ಬಂದ ಆ ಪಕ್ಕದ ಮನೆಯವರೇ.

ತೇಪೆ ಒಣಗಿ ಗಟ್ಟಿಯಾಗಲು ಆ ತಂಡಿಯಲ್ಲಿ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸಾದಿಕಣ್ಣ ತಮ್ಮ ಕಾರ್ ಪಾಲಿಷ್ ಮಿಷನ್ ಹಿಡಿದು ಉಳಿದ ಭಾಗ ಉಜ್ಜಿ ನೋಡಿದರು. ಅದು ತಿರುಗುತ್ತಲೇ ಅತ್ತಿತ್ತ ಅಲ್ಲಾಡುವ ಮಿಷನ್ನು, ಮೂತಿಗೆ ಸ್ಪಂಜಿನ ಪ್ಯಾಡು. ಅದು ಸುಡುವ ಮಾತೇ ಇಲ್ಲ, ಮಗುವಿನ ಕೈಗೂ ಕೊಡಬಹುದು. ಆದರೆ ಮಧ್ಯಾಹ್ನವೆಲ್ಲ ಉಜ್ಜಿದರೂ ಒದ್ದೆಯಿದ್ದಷ್ಟು ಹೊತ್ತು ಹೊಳೆದು, ಒಣಗಿದ ಮೇಲೆ ಮತ್ತೆ ಅದೇ ಬೂದಿ ಬಣ್ಣ. ಅರಿಶಿನವೂ ಅಲ್ಲೇ, ಕುಂಕುಮವೂ ಅಲ್ಲೇ.

"ಇದು ಕಾರಲ್ಲ ಅಕ್ಕಾ" ಎಂದು ಕೈಚೆಲ್ಲಿದರು ಸಾದಿಕಣ್ಣ. "ಕಾರಿಗೆ ಇಷ್ಟು ಸಾಕಾಗ್ತದೆ. ಇದ್ರ ಚರ್ಮ ದಪ್ಪ, ಮೇಲೆಲ್ಲ ಸತ್ತೋಗದೆ. ನಮ್ದು ಮಿಷನ್ನು ಅದನ್ನ ಬರೀ ನೇವರಿಸ್ತಾ ಅದೆ."

ಒಂದು ಮಿಷನ್ ಸುಟ್ಟಿತ್ತು, ಇನ್ನೊಂದು ನೇವರಿಸಿತ್ತು. ಸಂಜೆ ಬಸ್ಸಿನಲ್ಲಿ ಬರುವಾಗ ನಾನು ಅದನ್ನೇ ಯೋಚಿಸಿದೆ. ಗಿರಾಕಿಗಳಿಗೆ ಕೇಳುವ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ, ಏನು ಕೆಲಸಕ್ಕೆ? ಸತ್ತ ಪದರವನ್ನು ತೆಗೆಯಬೇಕು, ಅದರ ಕೆಳಗಿನ ಬದುಕಿರುವ ಪದರವನ್ನು ಉಳಿಸಬೇಕು. ತೆಗೆಯಲು ಅಲ್ಲಾಡದೆ ಒಂದೇ ಸಮ ಗುಂಡಗೆ ತಿರುಗುವ ಶಕ್ತಿ ಬೇಕು, ಉಳಿಸಲು ನಿಧಾನ ಬೇಕು. ಅಂಗಡಿಯ ಮೂಲೆಯಲ್ಲಿ ಅಂಥದ್ದೊಂದು ಬಿದ್ದಿತ್ತು. ಗುಂಡಗೆ ತಿರುಗುವ ಪಾಲಿಷ್ ಮಿಷನ್ನು, ಹಿಡಿಯ ಹತ್ತಿರ ವೇಗ ಕಡಿಮೆ ಹೆಚ್ಚು ಮಾಡುವ ಗುಂಡಿ. ಸದ್ದೇ ಇಲ್ಲ ಎಂದು ಅದನ್ನು ಯಾರೂ ಬಾಡಿಗೆಗೆ ಒಯ್ಯುತ್ತಿರಲಿಲ್ಲ. ದೂಳು ಒರೆಸಿ, ಅದಕ್ಕೆ ಉಣ್ಣೆಯ ಪ್ಯಾಡು ಹುಡುಕಿ, ಉಜ್ಜಲು ರಬ್ಬಿಂಗ್ ಕಾಂಪೌಂಡಿನ ಪೇಸ್ಟು, ನೀರು ಹಾಕಿ ತಿಕ್ಕುವ ನಯವಾದ ವಾಟರ್ ಪೇಪರು, ಕೊನೆಗೆ ಬಳಿಯಲು ಮೇಣ ಎಲ್ಲ ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ದಿನ ಮೊದಲು ದೋಣಿಯ ತಳದಲ್ಲಿ, ಯಾರಿಗೂ ಕಾಣದ ಕಡೆ ಅಂಗೈಯಗಲ ಜಾಗದಲ್ಲಿ ಮಾಡಿ ನೋಡಿದೆ. ಮೂಲೆ, ಅಂಚುಗಳಲ್ಲಿ ಪದರ ತೆಳುವಿರುತ್ತದೆಂದು ಅಲ್ಲೆಲ್ಲ ಟೇಪು ಅಂಟಿಸಿದ್ದೆ. ಪಂಪ್‌ಸೆಟ್ಟಿನ ಮನೆಯಿಂದ ಕರೆಂಟಿನ ವೈರು ಎಳೆದಿದ್ದೆವು. ನೆಲವೆಲ್ಲ ಒದ್ದೆ, ಅದಕ್ಕೆ ಹಲಗೆಯ ಮೇಲೆ ನಿಂತು, ರಬ್ಬರ್ ಚಪ್ಪಲಿ ಹಾಕಿ, ಶಾಕ್ ಹೊಡೆದರೆ ತಾನೇ ಆರುವ ಸ್ವಿಚ್ಚನ್ನು ನಡುವೆ ಕೂರಿಸಿಯೇ ಶುರು ಮಾಡಿದ್ದು. ವೇಗದ ಗುಂಡಿಯನ್ನು ಕೆಳಗೇ ಇಟ್ಟೆ. ಮಿಷನ್ನಿನ ತೂಕವೇ ಸಾಕು, ನನ್ನ ತೂಕ ಬೇಡ. ಒಂದೇ ಕಡೆ ನಿಲ್ಲಿಸಬಾರದು. ಆಗಾಗ ನಿಲ್ಲಿಸಿ ಕೈಯಿಟ್ಟು ನೋಡಬೇಕು, ಬಿಸಿಯೆನಿಸಿದರೆ ಬಿಡಬೇಕು. ಪ್ಯಾಡು ಎತ್ತಿ ಬಟ್ಟೆಯಲ್ಲಿ ಒರೆಸಿದೆ. ಆ ಅಂಗೈಯಗಲದಲ್ಲಿ ಹೊಂಗೆಯ ಎಲೆಗಳು ಕಂಡವು, ಅವುಗಳ ನಡುವೆ ಗೌರಿಯ ಮುಖವೂ ಕಂಡಿತು.

"ಅಯ್ಯೋ, ನಾನು!" ಎಂದಳು.

ನನ್ನ ಗಂಡ ಹತ್ತಿರ ಬಂದು ಮಿಷನ್ನಿಗೆ ಕೈ ಚಾಚಿದರು. ಕೊಡಲೋ ಬೇಡವೋ ಎಂದು ನಾನು ಗೌರಿಯ ಕಡೆ ನೋಡಿದೆ. "ಕೊಡಿ ಅತ್ತಿಗೆ, ಅವ್ನೇ ಮಾಡ್ಲಿ" ಎಂದಳು. ಏರಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಮುನಿವೆಂಕಟಮ್ಮ ಮಿಷನ್ ಶುರುವಾದೊಡನೆ ಮತ್ತೆ ಕೂಗಿದರು, "ಮೆಲ್ಲಗಾ ನಾಯನಾ, ಮೆಲ್ಲಗಾ." ಆ ವಾರವೆಲ್ಲ ಅದೇ ಪಾಠ. ಅವರ ಭುಜ ತಾನಾಗಿ ಬಗ್ಗಿ ಒತ್ತಲು ಹೋದಾಗಲೆಲ್ಲ ಅಜ್ಜಿಯ ದನಿ ಬರುತ್ತಿತ್ತು, ಭುಜ ಹಿಂದಕ್ಕೆ ಬರುತ್ತಿತ್ತು. ಬಿರುಸಿನ ಮನುಷ್ಯ ಹಗುರ ಕೈ ಕಲಿಯುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟವಾಯಿತು, ಹೇಳಲೇನು ನಾಚಿಕೆ. ಮಿಷನ್ ಹೋಗದ ಮೂಲೆಗಳನ್ನು ಸಂಘದ ಹೆಂಗಸರು ಬಟ್ಟೆ ಹಿಡಿದು ಕೈಯಲ್ಲೇ ಉಜ್ಜಿದರು. ಗೌರಿಗೆ ಮಾತ್ರ ಕಾಂಪೌಂಡು ಮುಟ್ಟಲು ಬಿಡಲಿಲ್ಲ, ಹುಟ್ಟುಗಳಿಗೆ ಬಣ್ಣ ಹೊಡೆಯಲು ಕೂರಿಸಿದೆವು.

ಒಂದು ಪಕ್ಕ ಮುಗಿದು ಇನ್ನೊಂದು ಪಕ್ಕ ಬಾಕಿಯಿದ್ದಾಗ ಮೋಡ ಹರಿದು ಬಿಸಿಲು ಬಂತು, ದೋಣಿಯನ್ನು ಮರದಡಿಯಿಂದ ಬಯಲಿಗೆ ಎಳೆದೆವು. ಎರಡೇ ದಿನಕ್ಕೆ ನಾವು ಉಜ್ಜಿರದ ಆ ಪಕ್ಕದ ಅರಿಶಿನವೂ ತಾನಾಗಿ ಮಾಸಿಹೋಯಿತು. ನಾವೆಲ್ಲ ಬಾಯಿಬಿಟ್ಟು ನೋಡುತ್ತಿದ್ದೆವು. ಮುನಿವೆಂಕಟಮ್ಮ, "ಸೀರೆಗಂಟಿದ ಅರಿಶಿನ ಬಿಸಿಲಿಗೆ ಹಾಕುದ್ರೆ ಹೋಗಲ್ವಾ? ಇದೂ ಹಂಗೇ" ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ಬಿಸಿಲೆಲ್ಲಿತ್ತು ಎಂದು ಕೇಳಿದರು. ಅರಿಶಿನ ಹೋದರೂ ಸುಣ್ಣದ ಪುಡಿ ಹಾಗೇ ಇದ್ದಿದ್ದರಿಂದ ಕೆಲಸ ತಪ್ಪಲಿಲ್ಲ. ಕುಂಕುಮದ ಬೊಟ್ಟೊಂದು ಮಾತ್ರ ದೋಣಿಯ ಮೂತಿಯಲ್ಲಿ ತೆಳು ಗುಲಾಬಿಯಾಗಿ ಉಳಿಯಿತು. ಮೂತಿಯಲ್ಲಿ ಪದರ ತೆಳು, ಇನ್ನೊಂದು ಸುತ್ತು ಹಾಕಿದರೆ ಕಷ್ಟವೆಂದು ಬಿಟ್ಟುಬಿಟ್ಟೆವು.

ಇಂಜಿನಿಯರ್ ಎರಡನೇ ಸಲ ಬಂದಾಗ ದೋಣಿ ನೀರಿನಲ್ಲಿತ್ತು. ಬಿಳಿಯ ಮೈಮೇಲೆ ಕೆರೆಯ ಅಲೆಯ ಬೆಳಕು ಆಡುತ್ತಿತ್ತು. ಅವರು ತೇಪೆ ಎಲ್ಲಿದೆಯೆಂದು ಹುಡುಕಿದರು, ನಾನೇ ತೋರಿಸಬೇಕಾಯಿತು. ಗೌರಿ ಅವರಿಗೆ ಲೈಫ್ ಜಾಕೆಟ್ ಹಾಕಿಸಿ, ಕೂರಿಸಿಕೊಂಡು, ಕೆರೆಯ ನಡುವಿನತನಕ ಹುಟ್ಟು ಹಾಕಿ ಕರೆದುಕೊಂಡು ಹೋದಳು. ಬಾವಿಯಲ್ಲಿ ಈಜಿ ಬೆಳೆದವಳು, ನೀರಿನ ಭಯ ಅವಳಿಗಿಲ್ಲ. ನನ್ನ ಗಂಡ ದಡದಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರು. ವಾಪಸ್ಸು ಬಂದು ಇಳಿಯುವಾಗ ಇಂಜಿನಿಯರು ಮೂತಿಯ ಬೊಟ್ಟನ್ನು ತೋರಿಸಿ, "ಇದೊಂದು ಉಳ್ಕೊಂಡಿದೆಯಲ್ಲಮ್ಮಾ" ಎಂದರು.

"ಅದು ಇರ್ಲಿ ಸಾರ್. ಅದು ಗಂಗಮ್ಮಂದು" ಎಂದಳು ಗೌರಿ.

"ಸರಿ ಹಂಗಾದ್ರೆ. ಭಾನುವಾರದಿಂದ ಶುರು ಮಾಡ್ಕೊಳಿ" ಎಂದು ಅವರು ಪ್ಯಾಂಟಿನ ಮಡಿಕೆ ಬಿಚ್ಚಿಕೊಂಡರು. ಏರಿಯ ಮೇಲಿದ್ದ ಹೆಂಗಸರು ಹಾಕಿದ ಕೂಗಿಗೆ ಕೆರೆಯ ಬಕಪಕ್ಷಿಗಳೆಲ್ಲ ಎದ್ದು ಹಾರಿದವು.

ಅದಾಗಿ ಕೆಲವು ವರ್ಷಗಳಾದವು. ಆ ಒಂದು ವರ್ಷದ ಒಪ್ಪಿಗೆ ಪ್ರತಿ ವರ್ಷ ಮುಂದುವರಿಯುತ್ತಿದೆ. ಕೆರೆ ಕೆಲವು ವರ್ಷ ಅರ್ಧಕ್ಕೆ ನಿಲ್ಲುತ್ತದೆ, ಅರ್ಧ ಕೆರೆಯಲ್ಲೂ ದೋಣಿ ಓಡುತ್ತದೆ. ಅವರೆಕಾಯಿಯ ಕಾಲಕ್ಕೆ ನಾನು ಆ ನಿಧಾನದ ಮಿಷನ್ ಹಿಡಿದು ಹೋಗುತ್ತೇನೆ, ನಾರಾಯಣಸ್ವಾಮಿ ಒಂದು ಸುತ್ತು ಪಾಲಿಷ್ ಮಾಡಿ ಮೇಣ ಬಳಿಯುತ್ತಾರೆ. ಈಗ ಅವರ ಕೈಗೆ ಯಾರೂ ಮೆಲ್ಲಗಾ ಎಂದು ಹೇಳಬೇಕಾಗಿಲ್ಲ, ಆದರೂ ಮುನಿವೆಂಕಟಮ್ಮ ಹೇಳುತ್ತಾರೆ.

ಅಂಗಡಿಯಲ್ಲಿ ರೆಸಿನ್ ವಾಸನೆ ಬಂದ ಆ ವಾರವೇ ನಾವು ಹೋದೆವು. ಗೌರಿ ಹೊಂಗೆ ಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೊಗಡಿನ ಜಿಡ್ಡು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಏನೋ ಗುಟ್ಟು ಹೇಳುವವಳ ಹಾಗಿತ್ತು ಮುಖ.

"ಅತ್ತಿಗೆ, ಮೊನ್ನೆ ಡಿಪೋದಲ್ಲಿ ಆ ಯಂತ್ರ ನನ್ ಬೆರಳು ತಗೊಂಡ್ತು. ಒಂದೇ ಸಲಕ್ಕೆ."

"ನಿಜ್ವೇನೇ?"

"ಡಿಪೋ ಹುಡುಗನೇ ಗಾಬರಿಯಾಗ್ಬಿಟ್ಟ. ಇನ್ನೊಂದ್ಸಲ ಒತ್ಲಾ ಅಂದೆ. ಬೇಡಮ್ಮಾ, ಅಕ್ಕಿ ತಗೊಂಡೋಗು ಅಂದ."

ನಾನು ಅವಳ ಹೆಬ್ಬೆರಳನ್ನು ಹಿಡಿದುಕೊಂಡು ನನ್ನ ಬೆರಳಿನಿಂದ ಸವರಿ ನೋಡಿದೆ. ಹುಟ್ಟು ಹಿಡಿದು ಗಟ್ಟಿಯಾಗಿತ್ತು. ಒಂದರ ಪಕ್ಕ ಒಂದು ಗೆರೆಗಳು ಸಿಕ್ಕವು, ಚೆನ್ನಾಗಿ ಒರಟಾಗಿದ್ದವು. ಎಷ್ಟು ಹೊತ್ತಾದರೂ ನನಗೆ ಆ ಬೆರಳು ಬಿಡಲು ಮನಸ್ಸಾಗಲಿಲ್ಲ. ಅವಳು ನಗುತ್ತಾ ಕೈ ಎಳೆದುಕೊಂಡು, ನನ್ನ ಪಕ್ಕದಲ್ಲಿದ್ದ ಪಾಲಿಷ್ ಮಿಷನ್ನಿನ ಚೀಲದ ಕಡೆ ಕಣ್ಣು ತೋರಿಸಿದಳು.

"ಸಾಕು ಬಿಡಿ ಅತ್ತಿಗೆ. ಇದಕ್ಕೊಂದಕ್ಕೆ ನಿಮ್ ಮಿಷನ್ ಹಾಕ್ಬೇಡಿ."